ರೊಟ್ಟಿ, ಬಟ್ಟಲು ಮತ್ತು ಪಂಕ್ತಿ

ಹಸಿವು ಸಕಲ ಜೀವಿಗಳಿಗೂ ಸಮಾನವಾದುದು; ಊಟವೆಂಬುದು ಮಾತ್ರ ಮನುಷ್ಯನಿಗೆ ವಿಶಿಷ್ಟವಾದುದು. ಹಸು ಮೇಯುತ್ತದೆ, ಹಕ್ಕಿ ಕಾಳನ್ನು ಹೆಕ್ಕುತ್ತದೆ. ಮನುಷ್ಯನಾದರೋ ಎಲೆ ಹಾಕುತ್ತಾನೆ, ನೀರು ಇಡುತ್ತಾನೆ, ಬಡಿಸುವ ಕೈ ಯಾರದೆಂದು ನೋಡುತ್ತಾನೆ, ಪಕ್ಕದಲ್ಲಿ ಕುಳಿತವರು ಯಾರೆಂದು ವಿಚಾರಿಸುತ್ತಾನೆ, ಆಮೇಲೆ ಉಣ್ಣುತ್ತಾನೆ. ಆದುದರಿಂದಲೇ ಲೋಕದ ಮತಧರ್ಮಗಳಾವುವೂ ಊಟದ ವಿಷಯದಲ್ಲಿ ಮೌನವಾಗಿ ಉಳಿದಿಲ್ಲ. ಏನನ್ನು ಉಣ್ಣಬೇಕು, ಯಾವಾಗ ಉಣ್ಣಬೇಕು, ಯಾರೊಡನೆ ಉಣ್ಣಬೇಕು ಎಂಬ ಮೂರು ಪ್ರಶ್ನೆಗಳಿಗೆ ಎಲ್ಲವೂ ಒಂದೊಂದು ಉತ್ತರವನ್ನು ಕೊಟ್ಟಿವೆ. ಈ ಮೂರರಲ್ಲಿ ಕಡೆಯದೇ ಕಠಿಣವಾದ ಪ್ರಶ್ನೆಯೆಂದು ನಮ್ಮ ಭಾವನೆ. ಕ್ರೈಸ್ತರ ಪೂಜೆಯಲ್ಲಿ ಹಂಚುವ ರೊಟ್ಟಿ ಮತ್ತು ದ್ರಾಕ್ಷಾರಸಗಳ ಅರ್ಥವನ್ನು ವಿಚಾರಿಸುವ ನೆವದಿಂದ ಈ ಪ್ರಶ್ನೆಯನ್ನು ಇಲ್ಲಿ ಸ್ವಲ್ಪ ಬಿಡಿಸಿ ನೋಡಬಯಸುತ್ತೇವೆ.

ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳಲ್ಲಿ ತಲೆಮಾರುಗಳಿಂದ ನೆಲೆಸಿರುವ ಕನ್ನಡಿಗರಲ್ಲಿ ಮಗ್ಗದ ದೇವಾಂಗರೂ ಹೊಲಗದ್ದೆಗಳ ಒಕ್ಕಲಿಗರೂ ಬಹುಮಂದಿ. ಇವರ ಮನೆಗಳ ಮಕ್ಕಳಿಗೆ ಕ್ರೈಸ್ತಮತವು ದೂರದ ವಿಷಯವಲ್ಲ. ಕೊಯಮತ್ತೂರಿನಿಂದ ಅವಿನಾಶಿಗೆ ಹೋಗುವ ಹೆದ್ದಾರಿಯಲ್ಲಿ ಕರುಮತ್ತಂಪಟ್ಟಿಯ ಜಪಮಾಲೆ ಮಾತೆಯ ದೇವಾಲಯವನ್ನು ಕಾಣದವರಾರು? ಅದರ ಇತಿಹಾಸ 17ನೆಯ ಶತಮಾನಕ್ಕೆ ಹೋಗುತ್ತದೆ. ಪಾಠಶಾಲೆಗಳಲ್ಲಿ ನಮ್ಮೊಡನೆ ಕ್ರೈಸ್ತ ಉಪಾಧ್ಯಾಯರಿದ್ದಾರೆ. ತರಗತಿಯಲ್ಲಿ ಕ್ರೈಸ್ತ ಮಕ್ಕಳಿದ್ದಾರೆ. ಅಷ್ಟು ಚಿಕ್ಕ ಬಿಳಿಯ ಬಿಲ್ಲೆಯನ್ನು ತಿಂದರೆ ಏನು ಬರುತ್ತದೆ ಎಂದು ಒಬ್ಬ ಬಾಲಕನು ಇನ್ನೊಬ್ಬನನ್ನು ಕೇಳುವುದು ಸಹಜ. ಅದನ್ನು ನಕ್ಕು ತಳ್ಳುವುದು ಸುಲಭ. ಉತ್ತರ ಹೇಳುವುದು ಉಪಾಧ್ಯಾಯನ ಧರ್ಮ. ಉತ್ತರ ಹೇಳಬೇಕಾದರೆ ಆ ರೊಟ್ಟಿಯ ಅರ್ಥ ಎಲ್ಲಿದೆ ಎಂಬುದನ್ನು ಮೊದಲು ನಿರ್ಣಯಿಸಬೇಕು. ಅದು ರೊಟ್ಟಿಯ ಒಳಗಿದೆಯೆ? ತಿನ್ನುವವನ ಮನಸ್ಸಿನಲ್ಲಿದೆಯೆ? ಅಥವಾ ಅದನ್ನು ಹಂಚಿಕೊಂಡ ಜನರ ನಡುವೆ ಇದೆಯೆ?

ಮೂಲಕಥೆಯನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಯೆಹೂದ್ಯರು ವರ್ಷಕ್ಕೊಮ್ಮೆ ಪಸ್ಕ ಹಬ್ಬವನ್ನು ಆಚರಿಸುತ್ತಾರೆ. ಐಗುಪ್ತದೇಶದ ದಾಸ್ಯದಿಂದ ತಮ್ಮ ಹಿರಿಯರು ಒಂದು ರಾತ್ರಿ ಅವಸರದಿಂದ ಹೊರಟರೆಂದೂ, ಹಿಟ್ಟು ಹುಳಿಯೇರುವವರೆಗೆ ಕಾಯಲು ವೇಳೆಯಿಲ್ಲದೆ ಹುಳಿಯಿಲ್ಲದ ರೊಟ್ಟಿಯನ್ನೇ ಸುಟ್ಟು ತಿಂದರೆಂದೂ ಅವರ ಸ್ಮರಣೆ. ಅಂದರೆ ಆ ರೊಟ್ಟಿ ಬಿಡುಗಡೆಯ ರೊಟ್ಟಿ. ಇಂತಹ ಹಬ್ಬದ ಕಾಲದಲ್ಲಿ ಯೇಸು ತನ್ನ ಹನ್ನೆರಡು ಮಂದಿ ಶಿಷ್ಯರೊಡನೆ ಕಡೆಯ ಭೋಜನಕ್ಕೆ ಕುಳಿತನು. ರೊಟ್ಟಿಯನ್ನು ತೆಗೆದುಕೊಂಡು, ದೇವರನ್ನು ಸ್ತುತಿಸಿ, ಮುರಿದು ಎಲ್ಲರಿಗೂ ಕೊಟ್ಟು, ಇದು ನನ್ನ ದೇಹವೆಂದನು. ಬಟ್ಟಲನ್ನು ಕೊಟ್ಟು, ಇದು ನನ್ನ ರಕ್ತವೆಂದನು. ತನ್ನ ನೆನಪಿಗಾಗಿ ಹೀಗೆ ಮಾಡಿರೆಂದನು. ಮರುದಿನವೇ ಅವನನ್ನು ಶಿಲುಬೆಗೆ ಏರಿಸಿದರು. ಅವನನ್ನು ಹಿಡಿದುಕೊಟ್ಟ ಯೂದನೂ ಆ ರಾತ್ರಿ ಅದೇ ಪಂಕ್ತಿಯಲ್ಲಿದ್ದನು. ದ್ರೋಹಿಯೆಂದು ತಿಳಿದಿದ್ದರೂ ಯಜಮಾನನು ಅವನನ್ನು ಊಟಕ್ಕೆ ಮೊದಲೇ ಎಬ್ಬಿಸಿ ಕಳುಹಿಸಲಿಲ್ಲ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು; ಮುಂದೆ ಬೇಕಾಗುತ್ತದೆ.

ರೊಟ್ಟಿ ಮತ್ತು ದ್ರಾಕ್ಷಾರಸಗಳೇ ಏಕೆ? ಹೂವು, ಹಣ್ಣು, ಎಲೆಗಳನ್ನು ದೇವರಿಗೆ ಒಪ್ಪಿಸುವುದು ನಮಗೆ ರೂಢಿ. ಅವು ಗಿಡದಲ್ಲಿದ್ದಂತೆಯೇ ಪೂಜೆಗೆ ಬರುತ್ತವೆ. ರೊಟ್ಟಿ ಗಿಡದಲ್ಲಿ ಬಿಡುವುದಿಲ್ಲ. ಗೋಧಿಯನ್ನು ಬಿತ್ತಬೇಕು, ಕೊಯ್ಯಬೇಕು, ಒಕ್ಕಬೇಕು, ಬೀಸಬೇಕು, ನಾದಬೇಕು, ಸುಡಬೇಕು. ದ್ರಾಕ್ಷಿಯನ್ನು ಬೆಳೆದು, ಬಿಡಿಸಿ, ಹಿಂಡಿ, ಕಾದಿಡಬೇಕು. ದೇವರು ಕೊಟ್ಟುದಕ್ಕೆ ಮನುಷ್ಯನ ಬೆವರು ಕೂಡಿದಾಗ ಮಾತ್ರ ಇವೆರಡೂ ಆಗುತ್ತವೆ. ಆದುದರಿಂದ ಬಲಿಪೀಠದ ಮೇಲೆ ರೊಟ್ಟಿಯನ್ನು ಇಟ್ಟರೆ ಉತ್ತವನು, ಕುಯಿದವಳು, ಬೀಸಿದವಳು ಎಲ್ಲರ ದುಡಿಮೆಯನ್ನೂ ಅಲ್ಲಿ ಇಟ್ಟಂತಾಗುತ್ತದೆ. ಇನ್ನೊಂದು ಭಾವವೂ ಉಂಟು. ಬೆಟ್ಟಗುಡ್ಡಗಳ ಮೇಲೆ ಚೆದುರಿದ್ದ ಕಾಳುಗಳು ಒಂದು ರೊಟ್ಟಿಯಾದಂತೆ ಚೆದುರಿದ ಜನರೂ ಒಂದಾಗಲಿ ಎಂಬ ಪ್ರಾರ್ಥನೆ ಆದಿಕಾಲದ ಕ್ರೈಸ್ತರ ‘ದಿದಖೆ’ ಎಂಬ ಗ್ರೀಕ್ ಕೈಪಿಡಿಯಲ್ಲಿ ಬರುತ್ತದೆ. ಬೀಸುವ ಕಲ್ಲನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಯಾವ ಕಾಳು ಯಾವ ಹೊಲದಿಂದ ಬಂದುದೆಂದು ಹಿಟ್ಟಿನಲ್ಲಿ ಯಾರೂ ಹೇಳಲಾರರು.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ. ಗೋಧಿ, ದ್ರಾಕ್ಷಿಗಳು ಪಾಲೆಸ್ತೀನದವರ ನಿತ್ಯದ ಆಹಾರ. ನಮ್ಮ ಸೀಮೆಯ ಬಡವನ ಆಹಾರ ರಾಗಿ, ಜೋಳ, ಕಂಬು. ರಾಗಿಮುದ್ದೆಯನ್ನು ಮುರಿದು ಹಂಚಿದರೆ ಆಗದೆ? ಕೆಥೋಲಿಕ ಸಭೆಯ ಕಟ್ಟಳೆ ಈ ವಿಷಯದಲ್ಲಿ ನಿಷ್ಠುರವಾದುದು: ರೊಟ್ಟಿ ಗೋಧಿಯದೇ ಆಗಿರಬೇಕು, ರಸ ದ್ರಾಕ್ಷಿಯದೇ ಆಗಿರಬೇಕು. 1983ರ ಧರ್ಮಸಂಹಿತೆಯೂ ಅದನ್ನೇ ಹೇಳುತ್ತದೆ. ಇದಕ್ಕೆ ಅವರು ಕೊಡುವ ಕಾರಣ ಸ್ಮರಣೆ. ನಡೆದುದನ್ನು ನೆನೆಯುವಾಗ ನಡೆದಂತೆಯೇ ನೆನೆಯಬೇಕು. ಯುಗಾದಿಯ ಬೇವುಬೆಲ್ಲದಲ್ಲಿ ಬೇವಿನ ಬದಲು ಹಾಗಲಕಾಯಿಯನ್ನು ಇಟ್ಟರೆ ಕಹಿಗೆ ಕೊರತೆಯಾಗದು. ಆದರೂ ನಾವು ಒಪ್ಪುವುದಿಲ್ಲ. ಈ ದೃಷ್ಟಿಯಿಂದ ಅವರ ಹಟ ಅರ್ಥವಿಲ್ಲದ್ದಲ್ಲ. ಹಾಗಾದರೂ ಊಟದ ಅರ್ಥ ಬಡವನ ತಟ್ಟೆಯ ಅನ್ನದಿಂದ ದೂರವಾಗಬಾರದೆಂಬ ಆಕ್ಷೇಪಣೆಯೂ ಅರ್ಥವಿಲ್ಲದ್ದಲ್ಲ. ದ್ರಾಕ್ಷಿಯಂತೂ ಈಗ ಪರದೇಶದ್ದಾಗಿ ಉಳಿದಿಲ್ಲ. ಕನ್ನಡ ಒಕ್ಕಲಿಗರೂ ಇರುವ ಕಂಬಂ ಕಣಿವೆಯ ಪನ್ನೀರ್ ದ್ರಾಕ್ಷಿ ಹೆಸರಾದುದು. 1832ರಲ್ಲಿ ಒಬ್ಬ ಫ್ರೆಂಚ್ ಪಾದ್ರಿ ಆ ಬಳ್ಳಿಯನ್ನು ತಮಿಳುನಾಡಿಗೆ ತಂದರೆಂದು ಅಲ್ಲಿಯವರು ಹೇಳುತ್ತಾರೆ.

ದ್ರಾಕ್ಷಾರಸವು ಮದ್ಯವಲ್ಲವೆ ಎಂದು ಕೇಳುವವರುಂಟು. ಪೂಜೆಯಲ್ಲಿ ಅದಕ್ಕೆ ನೀರು ಬೆರೆಸುತ್ತಾರೆ. ಕೊಡುವುದು ಒಂದು ಗುಟುಕು. ಮದ್ಯವನ್ನು ಪೂರ್ಣವಾಗಿ ವರ್ಜಿಸಿದ ಕೆಲವು ಪ್ರೊಟೆಸ್ಟೆಂಟ್ ಸಭೆಗಳು ಹುಳಿಯೇರದ ರಸವನ್ನೇ ಬಳಸುತ್ತವೆ. ಅಮೆರಿಕದ ವೆಲ್ಚ್ ಎಂಬ ದಂತವೈದ್ಯನು 1869ರಲ್ಲಿ ದ್ರಾಕ್ಷಿಯ ರಸವನ್ನು ಕಾಯಿಸಿ ಹುಳಿಯೇರದಂತೆ ಇಡುವ ಉಪಾಯ ಮಾಡಿದುದು ಇದಕ್ಕಾಗಿಯೇ.

ಹೆಸರುಗಳ ಕಡೆಗೆ ನೋಡೋಣ. ಭಾಷೆಯನ್ನು ಕಲಿಸುವ ನಮಗೆ ಇದು ರುಚಿಯಾದ ಭಾಗ. ಕನ್ನಡ ಬೈಬಲಿನವರು ಈ ಆಹಾರವನ್ನು ‘ರೊಟ್ಟಿ’ಯೆಂದರು, ತಮಿಳು ಬೈಬಲಿನವರು ‘ಅಪ್ಪಂ’ ಎಂದರು. ನಮ್ಮ ರೊಟ್ಟಿಗೆ ಹುಳಿಯಿಲ್ಲ, ಅವರ ಅಪ್ಪಕ್ಕೆ ಹುಳಿಯುಂಟು. ಪಶ್ಚಿಮದ ರೋಮನ್ ಸಭೆ ಹುಳಿಯಿಲ್ಲದ ರೊಟ್ಟಿಯನ್ನೂ ಪೂರ್ವದ ಗ್ರೀಕ್ ಸಭೆ ಹುಳಿಯೇರಿದ ರೊಟ್ಟಿಯನ್ನೂ ಬಳಸುತ್ತವೆ. ಅವೆರಡೂ 1054ರಲ್ಲಿ ಬೇರೆಯಾದಾಗ ಕಚ್ಚಾಟದ ವಿಷಯಗಳಲ್ಲಿ ಇದೂ ಒಂದಾಗಿತ್ತು. ನಮ್ಮ ಎರಡು ಮನೆಮಾತುಗಳು ಆ ಜಗಳದ ಎರಡು ಪಕ್ಷಗಳನ್ನೂ ತಿಳಿಯದೆಯೇ ಹಿಡಿದುಕೊಂಡಂತಿದೆ! ಇನ್ನು ಸಂಸ್ಕಾರದ ಹೆಸರು. ಕನ್ನಡದ ಕೆಥೋಲಿಕರು ಅದನ್ನು ‘ಪರಮ ಪ್ರಸಾದ’ವೆನ್ನುತ್ತಾರೆ. ತಮಿಳು ಕೆಥೋಲಿಕರು ‘ನರ್ಕರುಣೈ’, ಅಂದರೆ ಒಳ್ಳೆಯ ಕರುಣೆ, ಎನ್ನುತ್ತಾರೆ. ತಮಿಳು ಪ್ರೊಟೆಸ್ಟೆಂಟರ ಮಾತು ‘ತಿರುವಿರುಂದು’. ವಿರುಂದು ಎಂದರೆ ಔತಣ; ಹೊಸದಾಗಿ ಬಂದ ಅತಿಥಿ ಎಂಬುದೂ ಅದರ ಹಳೆಯ ಅರ್ಥ. ತಿರುಕ್ಕುರಳಿನಲ್ಲಿ ಅತಿಥಿಸತ್ಕಾರಕ್ಕೆ ಮೀಸಲಾದ ಅಧಿಕಾರದ ಹೆಸರಿನಲ್ಲಿ ಈ ಶಬ್ದವೇ ಇದೆ. ಒಂದು ಹೆಸರು ದೇವರ ಕೊಡುಗೆಯನ್ನೂ, ಇನ್ನೊಂದು ಕೊಡುವವನ ಮನಸ್ಸನ್ನೂ, ಮೂರನೆಯದು ಬಂದು ಕುಳಿತ ಅತಿಥಿಯನ್ನೂ ಮುಂದಿಡುತ್ತದೆ. ಮೂರೂ ಕೂಡಿದರೆ ಅರ್ಥ ಪೂರ್ಣವಾಗುತ್ತದೆ.

ಪ್ರಸಾದವೆಂಬ ಹೆಸರು ಕನ್ನಡಿಗನಿಗೆ ಅನೇಕ ಸ್ಮರಣೆಗಳನ್ನು ತರುತ್ತದೆ. ದೇವಾಲಯದಲ್ಲಿ ತೀರ್ಥ, ಪ್ರಸಾದಗಳನ್ನು ತೆಗೆದುಕೊಳ್ಳದವರಿಲ್ಲ. ವೀರಶೈವರ ಅಷ್ಟಾವರಣಗಳಲ್ಲಿ ಪಾದೋದಕ, ಪ್ರಸಾದಗಳೆರಡೂ ಸೇರಿವೆ. ಒಂದು ಕುಡಿಯುವುದು, ಒಂದು ಉಣ್ಣುವುದು. ಹೊರಗಿನಿಂದ ನೋಡಿದರೆ ಬಟ್ಟಲು ಮತ್ತು ರೊಟ್ಟಿಗಳಿಗೆ ಸರಿಯಾಗಿ ಒಪ್ಪುತ್ತವೆ. ಆದರೆ ಹೋಲಿಕೆಯನ್ನು ಅತಿಯಾಗಿ ಎಳೆಯಬಾರದು. ಪ್ರಸಾದದಲ್ಲಿ ಭಕ್ತನು ತನ್ನದನ್ನು ದೇವರಿಗೆ ಅರ್ಪಿಸಿ, ದೇವರ ಕೃಪೆ ಕೂಡಿದುದನ್ನು ಮರಳಿ ಪಡೆಯುತ್ತಾನೆ. ಕ್ರೈಸ್ತರ ಪೂಜೆಯಲ್ಲಿಯೂ ಅರ್ಪಣೆಯುಂಟು. ಆದರೆ ಕೊಡುವವನು ಬೇರೊಂದು ವಸ್ತುವನ್ನು ಕೊಡದೆ ತನ್ನನ್ನೇ ಅನ್ನವಾಗಿ ಕೊಡುತ್ತಾನೆಂದು ಅವರ ನಂಬಿಕೆ. ಮಗುವಿಗೆ ಹಾಲೂಡುವ ತಾಯಿಯನ್ನು ನೆನೆದರೆ ಈ ಭಾವ ನಮಗೆ ತೀರ ಹೊಸದಾಗಿ ತೋರುವುದಿಲ್ಲ. ಅವಳು ತನ್ನ ಮೈಯಿಂದಲೇ ಉಣಿಸುತ್ತಾಳೆ.

ಇದು ನನ್ನ ದೇಹ ಎಂಬ ಮಾತಿನಲ್ಲಿ ‘ಇದು’ ಎಂದರೇನು ಎಂಬ ವಿಷಯವಾಗಿ ಯೂರೋಪಿನಲ್ಲಿ ಶತಮಾನಗಳ ವಾದ ನಡೆಯಿತು. 1215ರ ಲಾತೆರನ್ ಮಹಾಸಭೆ ರೊಟ್ಟಿ ದೇಹವಾಗಿ ಮಾರ್ಪಡುತ್ತದೆಂದು ಸಾರಿತು. ಅದೇ ಶತಮಾನದ ತತ್ತ್ವಜ್ಞಾನಿ ಥಾಮಸ್ ಅಕ್ವೀನಾಸ್ ಅದನ್ನು ವಿವರಿಸಿದನು. ನಮ್ಮ ತರ್ಕಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ರೊಟ್ಟಿಯ ಬಣ್ಣ, ರುಚಿ, ಆಕಾರ ಮೊದಲಾದ ಗುಣಗಳು ಇದ್ದಂತೆಯೇ ಇರುತ್ತವೆ. ಒಳಗಿನ ದ್ರವ್ಯ ಮಾತ್ರ ಬದಲಾಗುತ್ತದೆ. 1415ರಲ್ಲಿ ಕಾನ್‌ಸ್ಟೆನ್ಸ್ ಮಹಾಸಭೆ ಬಟ್ಟಲನ್ನು ಪಾದ್ರಿಗಳಿಗೆ ಮಾತ್ರ ಮೀಸಲಿಟ್ಟು ಸಾಮಾನ್ಯ ಜನರಿಗೆ ರೊಟ್ಟಿ ಸಾಕೆಂದಿತು. ಅದೇ ವರ್ಷ ಅದೇ ಸಭೆ ಯಾನ್ ಹುಸ್ ಎಂಬ ಸುಧಾರಕನನ್ನು ಸುಡಿಸಿತು. ಅವನ ಅನುಯಾಯಿಗಳು ಎಲ್ಲರಿಗೂ ಬಟ್ಟಲು ಬೇಕೆಂದು ಯುದ್ಧವನ್ನೇ ಹೂಡಿ, ಬಟ್ಟಲನ್ನು ತಮ್ಮ ಲಾಂಛನ ಮಾಡಿಕೊಂಡರು. 1529ರಲ್ಲಿ ಮಾರ್‌ಬುರ್ಗ್ ಎಂಬಲ್ಲಿ ಲೂಥರ್ ಮತ್ತು ಝ್ವಿಂಗ್ಲಿ ಎಂಬ ಇಬ್ಬರು ಸುಧಾರಕರು ಕಲೆತು ಹದಿನೈದು ವಿಷಯಗಳನ್ನು ಚರ್ಚಿಸಿದರು. ಹದಿನಾಲ್ಕರಲ್ಲಿ ಒಪ್ಪಿಗೆಯಾಯಿತು, ಈ ರೊಟ್ಟಿಯ ವಿಷಯದಲ್ಲಿ ಮಾತ್ರ ಆಗಲಿಲ್ಲ. ಅದರಲ್ಲಿ ಯೇಸು ನಿಜವಾಗಿಯೂ ಇದ್ದಾನೆಂದು ಲೂಥರ್. ಅದು ಅವನ ಗುರುತೆಂದು ಝ್ವಿಂಗ್ಲಿ. ಒಂದಾಗಿಸಲೆಂದು ಕೊಟ್ಟ ರೊಟ್ಟಿಯೇ ಬೇರೆಯಾಗಲು ಕಾರಣವಾಯಿತು.

ಗುರುತು ಎಂದ ಮಾತ್ರಕ್ಕೆ ಅದು ಬರಿಯದೆಂದು ತಿಳಿಯಬಾರದು. ಮಾಂಗಲ್ಯವನ್ನು ಅಕ್ಕಸಾಲಿಗನು ತೂಗಿದರೆ ಇಷ್ಟು ಗ್ರಾಂ ಚಿನ್ನ ಎನ್ನುತ್ತಾನೆ. ಅವನ ಮಾತು ಸುಳ್ಳಲ್ಲ. ಆದರೆ ಅದನ್ನು ಧರಿಸಿದವಳಿಗೆ ಅದು ಅಷ್ಟು ಗ್ರಾಂ ಚಿನ್ನವೇ? ಅದರಲ್ಲಿ ಚಿನ್ನಕ್ಕಿಂತ ಹೆಚ್ಚಾದುದು ಏನಿದೆಯೆಂದು ಸೂಕ್ಷ್ಮದರ್ಶಕದಿಂದ ಹುಡುಕಿದರೆ ಸಿಕ್ಕದು. ಇಬ್ಬರ ನಡುವಿನ ಬಾಳಿನಲ್ಲಿ ಅದು ಸಿಕ್ಕುತ್ತದೆ. ಗಂಡನು ಹೆಂಡತಿಯನ್ನು ದಿನವೂ ಹಿಂಸಿಸುತ್ತಿದ್ದರೆ ಮಾಂಗಲ್ಯದ ಚಿನ್ನ ಕರಗುವುದಿಲ್ಲ, ಅರ್ಥ ಕರಗುತ್ತದೆ. ದ್ರವ್ಯ ಬದಲಾಗುವುದೋ ಇಲ್ಲವೋ ಎಂಬ ವಾದದಲ್ಲಿ ತೀರ್ಪು ಹೇಳುವುದು ನಮ್ಮ ಅಧಿಕಾರಕ್ಕೆ ಮೀರಿದುದು. ಅದನ್ನು ಆಯಾ ಸಭೆಗಳ ಪಂಡಿತರಿಗೇ ಬಿಡುತ್ತೇವೆ. ಹೊರಗಿನವರೂ ಕೇಳಬಹುದಾದ, ಒಳಗಿನವರೂ ಉತ್ತರಿಸಬೇಕಾದ ಪ್ರಶ್ನೆ ಬೇರೊಂದಿದೆ. ರೊಟ್ಟಿಯನ್ನು ತಿಂದ ಜನ ಬದಲಾದರೆ?

ಈ ಪ್ರಶ್ನೆ ನಾವು ಕಲ್ಪಿಸಿದುದಲ್ಲ. ಕಡೆಯ ಭೋಜನವನ್ನು ಕುರಿತು ನಮಗೆ ದೊರೆಯುವ ಅತ್ಯಂತ ಹಳೆಯ ಬರಹ ಸಂತ ಪೌಲನು ಗ್ರೀಸಿನ ಕೊರಿಂಥ ಪಟ್ಟಣದ ಸಭೆಗೆ ಬರೆದ ಮೊದಲನೆಯ ಪತ್ರ. ಸುವಾರ್ತೆಗಳಿಗಿಂತ ಮೊದಲೇ, ಸುಮಾರು ಕ್ರಿ. ಶ. 55ರಲ್ಲಿ, ಅದನ್ನು ಬರೆದನೆಂದು ವಿದ್ವಾಂಸರ ಮತ. ಪೌಲನು ಆ ರಾತ್ರಿಯ ಕಥೆಯನ್ನು ಹೇಳುವುದು ಪೂಜಾವಿಧಿಯನ್ನು ಕಲಿಸುವುದಕ್ಕಲ್ಲ, ಬಯ್ಯುವುದಕ್ಕೆ. ಕೊರಿಂಥದಲ್ಲಿ ಸಭೆ ಕೂಡಿದಾಗ ಉಳ್ಳವರು ತಾವು ತಂದುದನ್ನು ಮೊದಲೇ ಉಂಡು ಕುಡಿದು ಮತ್ತರಾಗುತ್ತಿದ್ದರು. ಕೆಲಸ ಮುಗಿಸಿ ತಡವಾಗಿ ಬಂದ ಬಡವರು ಹಸಿದಿರುತ್ತಿದ್ದರು. ನೀವು ಉಣ್ಣುವುದು ಕರ್ತನ ಭೋಜನವೇ ಅಲ್ಲವೆಂದು ಪೌಲನು ನೇರವಾಗಿ ಹೇಳಿದನು. ರೊಟ್ಟಿಯಿತ್ತು, ಬಟ್ಟಲಿತ್ತು, ಮಂತ್ರವೂ ಇದ್ದಿರಬೇಕು. ಆದರೂ ಅದು ಆ ಭೋಜನವಾಗಲಿಲ್ಲ. ಏಕೆಂದರೆ ಪಂಕ್ತಿಯಲ್ಲಿ ಭೇದವಿತ್ತು. ಕ್ರೈಸ್ತರ ಅತ್ಯಂತ ಪವಿತ್ರವಾದ ಆಚರಣೆಯ ಮೊದಲ ದಾಖಲೆಯೇ ಪಂಕ್ತಿಭೇದದ ಖಂಡನೆಯೆಂಬುದನ್ನು ನಮ್ಮ ದೇಶದವರು ವಿಶೇಷವಾಗಿ ಗಮನಿಸಬೇಕು.

ಆ ರೊಟ್ಟಿ ನಮ್ಮ ಸೀಮೆಗೆ ಬಂದಾಗ ಏನಾಯಿತು? ರೊಬೆರ್ತೊ ದೆ ನೊಬಿಲಿ ಎಂಬ ಇಟಲಿಯ ಪಾದ್ರಿ 1606ರಲ್ಲಿ ಮಧುರೆಗೆ ಬಂದು, ಸಂನ್ಯಾಸಿಯ ವೇಷವನ್ನೂ ಆಚಾರವನ್ನೂ ಹಿಡಿದನು. ಮೇಲಿನ ಜಾತಿಯವರು ಬರಬೇಕಾದರೆ ತಾನು ಇತರರೊಡನೆ ಬಳಕೆಯಿಡಬಾರದೆಂಬುದು ಅವನ ಎಣಿಕೆ. ಉಳಿದ ಜಾತಿಗಳಿಗಾಗಿ ಪಂಡಾರಸ್ವಾಮಿಗಳೆಂಬ ಬೇರೆ ಪಾದ್ರಿಗಳು ಏರ್ಪಟ್ಟರು. ಅದೇ ಶತಮಾನದಲ್ಲಿ ಶ್ರೀರಂಗಪಟ್ಟಣದಲ್ಲಿ ನೆಲೆಯೂರಿದ ಯೇಸುಸಭೆಯ ಮೈಸೂರು ಮಿಷನ್ನಿಗೆ ನಮ್ಮ ನೆರೆಯ ಸತ್ಯಮಂಗಲವೂ ಸೇರಿತ್ತು. ಅದರ ಮೊದಲಿಗನಾದ ಲಿಯೊನಾರ್ದೊ ಚಿನ್ನಮಿ ಕನ್ನಡವನ್ನು ಕಲಿತು ಕನ್ನಡದಲ್ಲಿಯೇ ಮತಬೋಧೆಯನ್ನು ಬರೆದನು. ಇವರ ಭಾಷಾಸೇವೆಗೆ ನಾವು ಕೃತಜ್ಞರು. ಆದರೆ ಜಾತಿಯ ವಿಷಯ ಬಗೆಹರಿಯದೆ ಉಳಿಯಿತು. ಕಾಯಿಲೆ ಬಿದ್ದ ಪರೆಯರ ಮನೆಗಳಿಗೇ ಹೋಗಿ ಸಂಸ್ಕಾರಗಳನ್ನು ಕೊಡಬೇಕೆಂದು ಪೋಪರ ಪ್ರತಿನಿಧಿ ತೂರ್ನೊ 1704ರಲ್ಲಿ ಪುದುಚೇರಿಯಿಂದ ಆಜ್ಞೆ ಮಾಡಿದನು. ಸಾಯುತ್ತಿರುವವನಿಗೆ ರೊಟ್ಟಿಯ ಒಂದು ತುಣುಕನ್ನು ಕೊಡಲು ಆಜ್ಞೆ ಬೇಕಾಯಿತೆಂಬುದೇ ಆ ಕಾಲದ ಸ್ಥಿತಿಯನ್ನು ಹೇಳುತ್ತದೆ. ವಾದ ನಾಲ್ಕು ದಶಕ ನಡೆದು, 1744ರಲ್ಲಿ ಪೋಪ್ ಹದಿನಾಲ್ಕನೆಯ ಬೆನೆಡಿಕ್ಟರು ನಿಬಂಧನೆಗಳನ್ನು ಸ್ಥಿರಪಡಿಸಿದರು. ಆ ಜನರಿಗೆ ಪ್ರತ್ಯೇಕ ಪಾದ್ರಿಗಳನ್ನು ಇಡುವ ಏರ್ಪಾಡೂ ಅದರಲ್ಲಿತ್ತು. ಆಜ್ಞೆ ನಿಂತಿತು, ಭೇದವೂ ನಿಂತಿತು.

ಪ್ರೊಟೆಸ್ಟೆಂಟರಲ್ಲಿಯೂ ಇದೇ ತೊಡಕು. ತಂಜಾವೂರಿನ ಸಭೆಗಳಲ್ಲಿ ಮೇಲಿನವರು ಒಂದು ಕಡೆ, ಕೆಳಗಿನವರು ಇನ್ನೊಂದು ಕಡೆ ಕೂರುತ್ತಿದ್ದರು. ಕರ್ತನ ಭೋಜನಕ್ಕೆ ಮೊದಲು ಇವರು, ಆಮೇಲೆ ಅವರು. ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ಇದನ್ನು ಒಡನೆಯೇ ಬಿಡಬೇಕೆಂದು 1833ರಲ್ಲಿ ಪತ್ರ ಬರೆದಾಗ ಅನೇಕರು ಭೇದವನ್ನು ಬಿಡದೆ ಸಭೆಯನ್ನೇ ಬಿಟ್ಟರು. 1850ರಲ್ಲಿ ಮದರಾಸಿನ ಮಿಷನರಿಗಳ ಸಮ್ಮೇಳನವು ಜಾತಿಯನ್ನು ನಿಜವಾಗಿ ಬಿಟ್ಟಿದ್ದೇವೆಂದು ಊಟದಲ್ಲಿಯೇ ತೋರಿಸಬೇಕೆಂದು ನಿರ್ಣಯಿಸಿತು. ತಿರುನೆಲ್ವೇಲಿ ಸೀಮೆಯ ವಡಕ್ಕನ್‌ಕುಳಂನಲ್ಲಿ 1872ರಲ್ಲಿ ಕಟ್ಟಿದ ದೇವಾಲಯಕ್ಕೆ ಎರಡು ಅಂಕಣಗಳಿದ್ದವು, ನಡುವೆ ಗೋಡೆ. ಎರಡೂ ಒಂದೇ ಬಲಿಪೀಠಕ್ಕೆ ಬಂದು ಕೂಡುತ್ತಿದ್ದವು. ಪೀಠದ ಬಳಿ ನಿಂತ ಪಾದ್ರಿಗೆ ಇಬ್ಬರೂ ಕಾಣುತ್ತಿದ್ದರು. ಅವರಿಗೆ ಒಬ್ಬರು ಇನ್ನೊಬ್ಬರು ಕಾಣುತ್ತಿರಲಿಲ್ಲ. 1910ರಲ್ಲಿ ಆ ಗೋಡೆಯನ್ನು ಕೆಡವಿದರು; ವಿವಾದ ನ್ಯಾಯಾಲಯಕ್ಕೂ ಹೋಯಿತು.

ಈ ಚರಿತ್ರೆಯಲ್ಲಿ ನಮ್ಮ ಜಿಲ್ಲೆಗೆ ಸೇರಿದ ಒಬ್ಬ ವ್ಯಕ್ತಿಯನ್ನು ಇಲ್ಲಿ ಸ್ಮರಿಸುವುದು ಉಚಿತ. ಮೆಲ್ಕಿಯೋರ್ ದ ಮರಿಯೋ ಬ್ರೆಸಿಯಾಕ್ ಎಂಬ ಫ್ರೆಂಚ್ ಪಾದ್ರಿ 1842ರಲ್ಲಿ ಭಾರತಕ್ಕೆ ಬಂದು, 1846ರ ಅಕ್ಟೋಬರ್ 4ರಂದು ಕರುಮತ್ತಂಪಟ್ಟಿಯಲ್ಲಿಯೇ ಬಿಷಪ್ ಪದವಿಗೆ ಅಭಿಷಿಕ್ತರಾದರು; ಕೊಯಮತ್ತೂರಿನ ಕೆಥೋಲಿಕ ಸಭೆಯ ಭಾರವನ್ನು ಹೊತ್ತರು. ಈ ದೇಶದವರೇ ಪಾದ್ರಿಗಳಾಗಬೇಕೆಂದು ಅವರ ಹಂಬಲ. ಆದರೆ ಜಾತಿಯ ಆಚಾರಗಳಲ್ಲಿ ಯಾವುದನ್ನು ಸಹಿಸಬಹುದು, ಯಾವುದನ್ನು ಸಹಿಸಬಾರದು ಎಂಬ ವಿಷಯದಲ್ಲಿ ಅವರ ಅಂತಃಕರಣಕ್ಕೆ ಸಮಾಧಾನ ದೊರೆಯಲಿಲ್ಲ. ಸಹಿಸಿದರೆ ತತ್ತ್ವಕ್ಕೆ ಭಂಗ; ಸಹಿಸದಿದ್ದರೆ ಜನರು ದೂರವಾಗುವ ಭಯ. ಸಂಶಯವನ್ನು ಮನಸ್ಸಿನಲ್ಲಿಟ್ಟುಕೊಂಡು ಅಧಿಕಾರ ನಡೆಸಲಾರೆನೆಂದು ಅವರು 1850ರ ದಶಕದ ನಡುವಿನಲ್ಲಿ ಪದವಿಯನ್ನೇ ತ್ಯಜಿಸಿದರು. ಮುಂದೆ 1856ರಲ್ಲಿ ಆಫ್ರಿಕದ ಸೇವೆಗೆಂದು ಒಂದು ಸಂಘವನ್ನು ಸ್ಥಾಪಿಸಿ, 1859ರಲ್ಲಿ ಫ್ರೀಟೌನಿನಲ್ಲಿ ಜ್ವರದಿಂದ ತೀರಿಕೊಂಡರು. ಸಮಸ್ಯೆಯನ್ನು ಅವರು ಬಿಡಿಸಲಿಲ್ಲ, ನಿಜ. ಆದರೆ ಸಮಸ್ಯೆಯೇ ಇಲ್ಲವೆಂದು ನಟಿಸಲೂ ಇಲ್ಲ. ಈ ಪ್ರಾಮಾಣಿಕತೆ ಸಾಮಾನ್ಯವಾದುದಲ್ಲ.

ಇದನ್ನೆಲ್ಲ ಓದಿ ಕ್ರೈಸ್ತರನ್ನು ಆಡಿಕೊಳ್ಳಲು ಯಾರೂ ಹೊರಡಬಾರದು. ಜಾತಿ ರೊಟ್ಟಿಯೊಡನೆ ಹಡಗಿನಲ್ಲಿ ಬಂದುದಲ್ಲ. ಅದು ಇಲ್ಲಿಯೇ ಕಾದುಕೊಂಡಿದ್ದಿತು. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಕಲ್ಯಾಣದಲ್ಲಿ ದಾಸೋಹದ ಪಂಕ್ತಿಯನ್ನು ಹಾಕಿದರು. ಜಾತಿಯನ್ನು ಎಣಿಸದೆ ಶರಣರು ಒಟ್ಟಿಗೆ ಉಂಡರು. ಆ ಪಂಕ್ತಿಯಿಂದಲೇ ಒಂದು ಮದುವೆ ಹುಟ್ಟಿದಾಗ ಊರೇ ಉರಿಯಿತು. ಪುರಿಯ ಜಗನ್ನಾಥನ ಮಹಾಪ್ರಸಾದಕ್ಕೆ ಜಾತಿಯಿಲ್ಲವೆನ್ನುತ್ತಾರೆ. ಅದನ್ನು ಉಂಡು ಊರಿಗೆ ಮರಳಿದವನು ತನ್ನ ಮನೆಯಲ್ಲಿ ಮತ್ತೆ ಹಳೆಯ ಪಂಕ್ತಿಯನ್ನೇ ಹಾಕುತ್ತಾನೆ. ಹೀಗಿರುವಲ್ಲಿ ಒಂದು ಸಂದೇಹ ಬರುತ್ತದೆ. ಪವಿತ್ರವಾದ ಊಟ ನಿತ್ಯದ ಊಟವನ್ನು ತಿದ್ದುತ್ತದೆಯೋ, ಇಲ್ಲವೆ ತಿದ್ದದಿರುವುದಕ್ಕೆ ಒಂದು ನೆವವಾಗುತ್ತದೆಯೋ? ವರ್ಷಕ್ಕೊಂದು ದಿನ ಕೂಡಿ ಉಂಡೆವೆಂಬ ತೃಪ್ತಿ ಉಳಿದ ದಿನಗಳ ಭೇದಕ್ಕೆ ಸಮಾಧಾನವಾಗಿಬಿಡಬಹುದು. ಈ ಅಪಾಯ ಎಲ್ಲ ಮತಗಳ ಪಂಕ್ತಿಗಳಿಗೂ ಸಮಾನ. ಆದರೆ ಆ ಒಂದು ದಿನದ ಪಂಕ್ತಿಯೂ ಇಲ್ಲದಿದ್ದರೆ ಉಳಿದ ದಿನಗಳ ಪಂಕ್ತಿ ತಪ್ಪೆಂದು ತಿಳಿಯುವ ಬಗೆ ಯಾವುದು? ಕೊರಿಂಥದವರು ತಪ್ಪಿದರೆಂದು ಪೌಲನು ಹೇಳಲು ಸಾಧ್ಯವಾದುದು ಸರಿಯಾದ ಭೋಜನವೊಂದರ ನೆನಪು ಇದ್ದುದರಿಂದ. ಅಳತೆಗೋಲನ್ನು ಉಪಯೋಗಿಸದವರ ತಪ್ಪಿಗಾಗಿ ಅಳತೆಗೋಲನ್ನು ಎಸೆಯಲಾಗದು.

ಬಟ್ಟಲಿನ ವಿಷಯಕ್ಕೆ ಬರೋಣ. ರೊಟ್ಟಿಯನ್ನು ಮುರಿದು ಕೊಟ್ಟರೆ ಅವರವರ ತುಣುಕು ಅವರವರದು. ಬಟ್ಟಲು ಹಾಗಲ್ಲ; ಒಬ್ಬನ ತುಟಿ ತಗಲಿದ ಅಂಚಿಗೆ ಇನ್ನೊಬ್ಬನ ತುಟಿ ತಗಲುತ್ತದೆ. ಎಂಜಲೆಂಬ ಭಾವನೆ ಬಲವಾಗಿರುವ ನಮ್ಮಲ್ಲಿ ಇದು ರೊಟ್ಟಿಗಿಂತ ದೊಡ್ಡ ಪರೀಕ್ಷೆ. ಕೊಂಗುನಾಡಿನ ಹಳ್ಳಿಗಳ ಚಹಾ ಅಂಗಡಿಗಳಲ್ಲಿ ‘ಇರಟ್ಟೈ ಕುವಳೈ’, ಅಂದರೆ ಎರಡು ಲೋಟದ ಪದ್ಧತಿ, ನಡೆಯುತ್ತಿದ್ದುದನ್ನು ಈ ಭಾಗದ ಹಿರಿಯರೆಲ್ಲ ಬಲ್ಲರು. ಕೆಲವರಿಗೆ ಒಂದು ಬಗೆಯ ಲೋಟ, ದಲಿತರಿಗೆ ಬೇರೊಂದು. ಕಾನೂನು ಅದನ್ನು ಅಪರಾಧವೆಂದಿತು, ಚಳವಳಿಗಳು ನಡೆದವು. ಒಮ್ಮೆ ಕುಡಿದು ಎಸೆಯುವ ಕಾಗದದ ಲೋಟ ಬಂದಮೇಲೆ ಅನೇಕ ಕಡೆ ಎರಡು ಲೋಟಗಳು ಕಾಣದಾದವು. ಪ್ರಶ್ನೆಗೆ ಉತ್ತರ ಸಿಕ್ಕಿತೆ? ಪ್ರಶ್ನೆ ಕೇಳುವ ಸಂದರ್ಭವೇ ತಪ್ಪಿತೆನ್ನಬೇಕು.

ರೋಗದ ಭಯದಿಂದ ಬಟ್ಟಲುಗಳನ್ನು ಬೇರೆ ಮಾಡುವುದು ಬೇರೆ ಸಂಗತಿ. ಅಮೆರಿಕದ ಕೆಲವು ಸಭೆಗಳು 19ನೆಯ ಶತಮಾನದ ಕೊನೆಯಲ್ಲಿಯೇ ಆರೋಗ್ಯದ ಕಾರಣದಿಂದ ಒಬ್ಬೊಬ್ಬರಿಗೆ ಒಂದೊಂದು ಚಿಕ್ಕ ಬಟ್ಟಲನ್ನು ಇಟ್ಟವು. 2020ರಲ್ಲಿ ಕೊರೊನಾ ರೋಗ ಹಬ್ಬಿದಾಗ ದೇವಾಲಯಗಳೇ ಮುಚ್ಚಿದವು. ತೆರೆದಮೇಲೆಯೂ ಜನರು ದೂರ ದೂರ ನಿಂತರು. ಎರಡರಲ್ಲಿಯೂ ಬಟ್ಟಲು ಬೇರೆ, ದೂರ ಒಂದೇ. ಹಾಗಾದರೆ ವ್ಯತ್ಯಾಸವೇನು? ಮೊದಲನೆಯದು, ರೋಗದ ದೂರ ಎಲ್ಲರಿಗೂ ಒಂದೇ ಸಮನಾದುದು. ಎರಡನೆಯದು, ಅದಕ್ಕೆ ಕೊನೆಯುಂಟು. ಮೂರನೆಯದು, ಅದು ಇನ್ನೊಬ್ಬನ ಜೀವವನ್ನು ಉಳಿಸಲು. ಜಾತಿಯ ದೂರ ಕೆಲವರಿಗೆ ಮಾತ್ರ, ಎಂದೆಂದಿಗೂ, ತನ್ನ ಹೆಮ್ಮೆಯನ್ನು ಉಳಿಸಲು. ಒಂದೇ ಕ್ರಿಯೆ ಪ್ರೀತಿಯಿಂದಲೂ ಆಗಬಹುದು, ತಿರಸ್ಕಾರದಿಂದಲೂ ಆಗಬಹುದು. ಆದುದರಿಂದ ಅರ್ಥವು ಬಟ್ಟಲಿನಲ್ಲಿ ಮಾತ್ರ ಇಲ್ಲ. ಮನಸ್ಸಿನಲ್ಲಿ ಮಾತ್ರ ಇದೆಯೆನ್ನುವುದೂ ಸಾಲದು. ಒಳಗೆ ನನಗೆ ಭೇದವಿಲ್ಲವೆಂದು ಹೇಳುತ್ತ ಹೊರಗೆ ಎರಡು ಲೋಟಗಳನ್ನು ಇಟ್ಟವರೂ ಉಂಟು. ಮನಸ್ಸಿನಲ್ಲಿದ್ದುದು ಪಂಕ್ತಿಯಲ್ಲಿ ಕಾಣಿಸಿದಾಗ ಅರ್ಥ ನೆಲೆಗೊಳ್ಳುತ್ತದೆ ಎಂಬುದು ನಮ್ಮ ತೀರ್ಮಾನ.

ಈ ವಿಚಾರ ಉಪಾಧ್ಯಾಯರಿಗೆ ಏಕೆಂದು ಕೇಳಿದರೆ, ತಮಿಳುನಾಡಿನಲ್ಲಿ ಎಲ್ಲಕ್ಕಿಂತ ದೊಡ್ಡ ಪಂಕ್ತಿ ನಮ್ಮ ಶಾಲೆಗಳಲ್ಲಿಯೇ ನಡೆಯುತ್ತದೆ. 1920ರಲ್ಲಿ ಮದರಾಸಿನ ಕಾರ್ಪೊರೇಷನ್ ಶಾಲೆಯೊಂದರಲ್ಲಿ ಮಧ್ಯಾಹ್ನದ ಊಟ ಮೊದಲಾಯಿತು. 1956ರಲ್ಲಿ ಕಾಮರಾಜರು ಅದನ್ನು ನಾಡಿನ ಶಾಲೆಗಳಿಗೆ ಹರಡಲು ತೊಡಗಿದರು, 1982ರಲ್ಲಿ ಎಂ. ಜಿ. ರಾಮಚಂದ್ರನ್ನರು ಪೌಷ್ಟಿಕ ಊಟದ ಯೋಜನೆಯಾಗಿ ವಿಸ್ತರಿಸಿದರು. 2022ರಲ್ಲಿ ಬೆಳಗಿನ ಉಪಾಹಾರವೂ ಸೇರಿತು. ಇದು ಯಾವ ಮತದ ಸಂಸ್ಕಾರವೂ ಅಲ್ಲ. ಆದರೆ ಒಂದೇ ಹಂಡೆಯ ಅನ್ನ, ಒಂದೇ ಸಾರು, ಒಂದೇ ನೆಲ. ಯಾವ ಮಗು ಯಾವ ಮನೆಯದೆಂದು ಸೌಟು ಕೇಳುವುದಿಲ್ಲ. ಹಾಗಿದ್ದರೂ 2018ರ ಜುಲೈಯಲ್ಲಿ ತಿರುಪ್ಪೂರು ಜಿಲ್ಲೆಯಲ್ಲಿ, ಅವಿನಾಶಿಗೆ ಸಮೀಪದ ಒಂದು ಹಳ್ಳಿಯ ಸರ್ಕಾರಿ ಶಾಲೆಗೆ ದಲಿತ ಮಹಿಳೆಯೊಬ್ಬರು ಅಡುಗೆಯವರಾಗಿ ಬಂದಾಗ, ಅವರ ಕೈಯ ಅನ್ನವನ್ನು ತಮ್ಮ ಮಕ್ಕಳು ಉಣ್ಣಬಾರದೆಂದು ಕೆಲವು ಪೋಷಕರು ಪ್ರತಿಭಟಿಸಿದರು. ಮೊದಲು ಆ ಮಹಿಳೆಯನ್ನೇ ಬೇರೆಡೆಗೆ ವರ್ಗ ಮಾಡಿದರು; ಜನರು ಅದನ್ನು ವಿರೋಧಿಸಿದಮೇಲೆ ಆ ಆಜ್ಞೆಯನ್ನು ಹಿಂತೆಗೆದುಕೊಂಡು, ತಡೆದವರ ಮೇಲೆ ಮೊಕದ್ದಮೆ ಹೂಡಿದರು. ಬ್ರೆಸಿಯಾಕರ ಅಂತಃಕರಣವನ್ನು ಕಾಡಿದ ಪ್ರಶ್ನೆ ಸುಮಾರು ನೂರ ಎಪ್ಪತ್ತು ವರ್ಷಗಳ ತರುವಾಯ, ಕರುಮತ್ತಂಪಟ್ಟಿಯಿಂದ ದೂರವಲ್ಲದ ಒಂದು ಅಡುಗೆಮನೆಯಲ್ಲಿ ಮತ್ತೆ ಎದ್ದು ನಿಂತಿತು.

ಮಕ್ಕಳು ತಾವಾಗಿ ಈ ಪ್ರಶ್ನೆಯನ್ನು ಎತ್ತುವುದು ಅಪೂರ್ವ. ಪಕ್ಕದವನ ತಟ್ಟೆಯಿಂದ ಉಪ್ಪಿನಕಾಯಿಯ ಚೂರನ್ನು ಎತ್ತಿಕೊಳ್ಳುವ ಬಾಲಕನು ಯಾವ ಮಹಾಸಭೆಯ ನಿರ್ಣಯವನ್ನೂ ಓದಿದವನಲ್ಲ. ಬಿಡಿಸುವುದನ್ನು ಅವನಿಗೆ ದೊಡ್ಡವರು ಕಲಿಸುತ್ತಾರೆ. ಕಲಿಸುವವರು ಬೇರೆ ಇರುವಾಗ, ಕಲಿಸದಂತೆ ನೋಡಿಕೊಳ್ಳುವವರೂ ಇರಬೇಕಲ್ಲವೆ? ಊಟದ ವೇಳೆಯಲ್ಲಿ ಉಪಾಧ್ಯಾಯನು ಪಂಕ್ತಿಯಲ್ಲಿ ಎಲ್ಲಿ ಕೂರುತ್ತಾನೆ, ಹಂಡೆಯ ಅನ್ನವನ್ನು ತಾನೂ ಉಣ್ಣುತ್ತಾನೆಯೆ, ಅಡುಗೆಯಾಕೆಯನ್ನು ಏನೆಂದು ಕರೆಯುತ್ತಾನೆ — ಇವು ಮೂರನ್ನೂ ಮಕ್ಕಳು ಪಾಠಕ್ಕಿಂತ ಗಮನವಿಟ್ಟು ನೋಡುತ್ತಾರೆ. ‘ಅಕ್ಕ, ಇನ್ನೊಂದು ಸೌಟು ಹಾಕಿ’ ಎಂದು ಉಪಾಧ್ಯಾಯನು ತಟ್ಟೆಯನ್ನು ಚಾಚಿದರೆ ನೀತಿಪಾಠದ ಅರ್ಧ ಮುಗಿಯಿತು.

ಆ ಬಿಳಿಯ ಬಿಲ್ಲೆಯ ಅರ್ಥವೇನೆಂದು ಕೇಳುವ ಬಾಲಕನಿಗೆ ಈಗ ಹೀಗೆ ಹೇಳಬಹುದು. ಅದು ಒಬ್ಬನು ತನ್ನನ್ನೇ ಅನ್ನದಂತೆ ಹಂಚಿಕೊಟ್ಟ ನೆನಪೆಂದು ನಿನ್ನ ಗೆಳೆಯನ ಮನೆಯವರ ನಂಬಿಕೆ. ಆ ರಾತ್ರಿ ಅವನು ದ್ರೋಹಿಯನ್ನೂ ಪಂಕ್ತಿಯಿಂದ ಎಬ್ಬಿಸಲಿಲ್ಲ. ಅದು ನಿಜವಾಗಿ ದೇಹವೋ ಗುರುತೋ ಎಂದು ದೊಡ್ಡವರು ಇನ್ನೂ ವಾದಿಸುತ್ತಿದ್ದಾರೆ, ನೀನು ದೊಡ್ಡವನಾದಮೇಲೆ ಬೇಕಾದರೆ ಓದಿ ತಿಳಿ. ಆದರೆ ಅದನ್ನು ತಿಂದವನು ಮತ್ತೊಬ್ಬನನ್ನು ಪಂಕ್ತಿಯಿಂದ ಎಬ್ಬಿಸಬಾರದೆಂಬುದರಲ್ಲಿ ವಾದವಿಲ್ಲ. ಅದನ್ನು ತಿನ್ನದ ನಮಗೂ ಈ ಮಾತು ಅನ್ವಯಿಸುತ್ತದೆ. ಮಧ್ಯಾಹ್ನ ಗಂಟೆ ಹೊಡೆದಾಗ ತಟ್ಟೆಯನ್ನು ತೆಗೆದುಕೊಂಡು ಹೋಗಿ, ಖಾಲಿಯಿರುವ ಜಾಗದಲ್ಲಿ, ಅಲ್ಲಿ ಯಾರು ಕುಳಿತಿದ್ದರೂ ಅವರ ಪಕ್ಕದಲ್ಲಿ ಕೂತುಕೊ.